ಐಸ್ ಫ್ಯಾಕ್ಟರಿಯ ಕೂಲಿ, 15,000 ಡಾಲರಿನ ನಟ

1971ರ ಜುಲೈ ತಿಂಗಳಲ್ಲಿ, ಬ್ಯಾಂಕಾಕಿನ ಈಶಾನ್ಯಕ್ಕಿರುವ ಪಾಕ್ ಚೋಂಗ್ ಎಂಬ ಥಾಯ್ ಊರಿಗೆ ಹಾಂಗ್‌ಕಾಂಗಿನ ಸಿನಿಮಾ ತಂಡವೊಂದು ಬಂದಿಳಿಯಿತು. ಮಳೆಗಾಲ. ಎಲ್ಲಿ ನೋಡಿದರೂ ಸೊಳ್ಳೆ, ಜಿರಳೆ. ಊಟಕ್ಕೆ ದನದ ಮಾಂಸ ಸಿಗುತ್ತಿರಲಿಲ್ಲ, ಕೋಳಿ ಹಂದಿಗಳೂ ಅಪರೂಪ. ಚಿತ್ರದ ಒಟ್ಟು ಬಜೆಟ್ಟು ಸುಮಾರು ಒಂದು ಲಕ್ಷ ಅಮೆರಿಕನ್ ಡಾಲರ್. ಅದೇ ವರ್ಷ ತೆರೆಕಂಡ ‘ದಿ ಫ್ರೆಂಚ್ ಕನೆಕ್ಷನ್’ ಹಾಲಿವುಡ್ಡಿನ ಲೆಕ್ಕದಲ್ಲಿ ದುಬಾರಿ ಚಿತ್ರವೇನೂ ಆಗಿರಲಿಲ್ಲ. ಆದರೂ ಅದಕ್ಕೆ ಇದರ ಹದಿನೈದು ಪಟ್ಟಿಗಿಂತ ಹೆಚ್ಚು ಖರ್ಚಾಗಿತ್ತು.

ಪಾಕ್ ಚೋಂಗಿನಲ್ಲಿ ತಯಾರಾದ ಚಿತ್ರದ ಹೆಸರು ‘ದಿ ಬಿಗ್ ಬಾಸ್’. ಇವತ್ತು ಆ ಹೆಸರು ಹೇಳಿದರೆ ಕನ್ನಡಿಗರಿಗೆ ನೆನಪಾಗುವುದು ಸುದೀಪ್ ನಡೆಸಿಕೊಡುವ ಟಿವಿ ಮನೆಯೇ ಹೊರತು ಥಾಯ್ಲೆಂಡಿನ ಐಸ್ ಫ್ಯಾಕ್ಟರಿಯಲ್ಲ. ಬ್ರೂಸ್ ಲೀ ಎಂದ ಕೂಡಲೇ ಎಲ್ಲರೂ ಹೇಳುವುದು ‘ಎಂಟರ್ ದಿ ಡ್ರ್ಯಾಗನ್’. ಆದರೆ ಲೀ ದೊಡ್ಡವನಾದಮೇಲೆ ನಾಯಕನಾಗಿ ನಟಿಸಿದ ಮೊದಲ ಚಿತ್ರ ‘ದಿ ಬಿಗ್ ಬಾಸ್’. ಶೂಟಿಂಗ್ ಶುರುವಾದಾಗ ಆ ಚಿತ್ರಕ್ಕೆ ನಾಯಕ ಅವನೇ ಎಂಬುದೂ ತೀರ್ಮಾನವಾಗಿರಲಿಲ್ಲ. ಎರಡು ಚಿತ್ರಗಳಿಗೆ ಒಟ್ಟು 15,000 ಡಾಲರ್ ಸಂಭಾವನೆ, ಅಂದರೆ ಒಂದಕ್ಕೆ 7,500. ಅಷ್ಟಕ್ಕೆ ಒಪ್ಪಿ ಬಂದಿದ್ದ ಮೂವತ್ತು ವರ್ಷದ ಅವನ ಮೇಲೆ ನಿರ್ಮಾಪಕರಿಗೆ ಅರ್ಧ ಭರವಸೆಯಿತ್ತು, ಇನ್ನರ್ಧ ಅನುಮಾನ.

ಅಮೆರಿಕದಲ್ಲಿದ್ದವನು ಈ ಹಳ್ಳಿಗೆ ಬಂದಿದ್ದಕ್ಕೆ ಕಾರಣವಿತ್ತು. ಕ್ಯಾಂಟನೀಸ್ ಸಂಗೀತ ನಾಟಕದ ನಟನ ಮಗನಾಗಿ 1940ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿ, ಹಾಂಗ್‌ಕಾಂಗಿನಲ್ಲಿ ಬೆಳೆದು, ಬಾಲನಟನಾಗಿ ಹತ್ತಾರು ಚಿತ್ರಗಳಲ್ಲಿ ಕಾಣಿಸಿಕೊಂಡು, 1959ರಲ್ಲಿ ಮತ್ತೆ ಅಮೆರಿಕಕ್ಕೆ ಹೋದವನು ಲೀ. 1966-67ರ ‘ದಿ ಗ್ರೀನ್ ಹಾರ್ನೆಟ್’ ಟಿವಿ ಧಾರಾವಾಹಿಯಲ್ಲಿ ನಾಯಕನ ಕಾರು ಓಡಿಸುವ ಕೇಟೋ ಪಾತ್ರ ಮಾಡಿದ್ದ. ಅದಾದಮೇಲೆ ದೊಡ್ಡ ಅವಕಾಶವೇನೂ ಬರಲಿಲ್ಲ. ಸ್ಟೀವ್ ಮೆಕ್ವೀನ್, ಜೇಮ್ಸ್ ಕೋಬರ್ನ್ ಅವರಂಥ ತಾರೆಯರಿಗೆ ಮನೆಪಾಠದಂತೆ ಹೊಡೆದಾಟ ಕಲಿಸುತ್ತಿದ್ದ. 1970ರಲ್ಲಿ ಭಾರ ಎತ್ತುವ ವ್ಯಾಯಾಮ ಮಾಡುವಾಗ ಬೆನ್ನಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಮನೆಸಾಲದ ಕಂತು ಇತ್ತು, ಇಬ್ಬರು ಚಿಕ್ಕ ಮಕ್ಕಳಿದ್ದರು.

ಇದರ ನಡುವೆ ಅವನು ಭಾರತಕ್ಕೂ ಬಂದು ಹೋದ. ಲೀ, ಕೋಬರ್ನ್ ಮತ್ತು ಚಿತ್ರಕಥೆಗಾರ ಸ್ಟರ್ಲಿಂಗ್ ಸಿಲಿಫಂಟ್ ಮೂವರೂ ಸೇರಿ ‘ದಿ ಸೈಲೆಂಟ್ ಫ್ಲೂಟ್’ ಎಂಬ ಚಿತ್ರದ ಕನಸು ಕಟ್ಟಿದ್ದರು. ವಾರ್ನರ್ ಬ್ರದರ್ಸ್ ಹಣ ಹಾಕಲು ಒಪ್ಪಿತ್ತು, ಒಂದು ಷರತ್ತಿನ ಮೇಲೆ. ಆ ಕಂಪನಿಯ ಚಿತ್ರಗಳು ಭಾರತದಲ್ಲಿ ಗಳಿಸಿದ ರೂಪಾಯಿಯನ್ನು ಆಗಿನ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ದೇಶದಾಚೆ ಒಯ್ಯುವಂತಿರಲಿಲ್ಲ. ಇಲ್ಲಿ ಸಿಕ್ಕಿಬಿದ್ದ ಆ ಹಣವನ್ನು ಇಲ್ಲಿಯೇ ಖರ್ಚು ಮಾಡಬೇಕಿತ್ತು. ಹಾಗಾಗಿ 1971ರ ಆರಂಭದಲ್ಲಿ ಮೂವರೂ ಲೊಕೇಶನ್ ಹುಡುಕುತ್ತ ದೆಹಲಿಗೆ ಬಂದರು, ಮರುಭೂಮಿ ನೋಡಿದರು, ಮದ್ರಾಸಿಗೆ ಹೋದರು, ಗೋವಾ ಸುತ್ತಿದರು. ಹಣ ತರಬಲ್ಲ ತಾರೆ ಕೋಬರ್ನ್ ಒಬ್ಬನೇ. ಅವನಿಗೆ ಈ ದೇಶ ಆ ಚಿತ್ರಕ್ಕೆ ಹೊಂದುತ್ತದೆ ಅನ್ನಿಸಲಿಲ್ಲ. ಯೋಜನೆ ಅಲ್ಲಿಗೆ ನಿಂತಿತು. (ಮುಂದೆ ಇದೇ ಕಥೆ ‘ಸರ್ಕಲ್ ಆಫ್ ಐರನ್’ ಎಂಬ ಹೆಸರಿನಲ್ಲಿ, ಇಸ್ರೇಲಿನಲ್ಲಿ, ಡೇವಿಡ್ ಕ್ಯಾರಡೀನ್ ನಟನೆಯಲ್ಲಿ ತಯಾರಾಯಿತು. ಆ ಹೊತ್ತಿಗೆ ಲೀ ತೀರಿಕೊಂಡು ಐದು ವರ್ಷ ಆಗಿತ್ತು.) ಭಾರತ ಸರ್ಕಾರದ ಹಣಕಾಸು ನಿಯಮವೊಂದು ಲೀಯನ್ನು ಇಷ್ಟು ಹತ್ತಿರಕ್ಕೆ ಕರೆತಂದಿದ್ದು ಇತಿಹಾಸದ ಸಣ್ಣ ತಮಾಷೆ. ಅವನು ಬರಿಗೈಯಲ್ಲಿ ಮರಳಿದ. ಹಾಂಗ್‌ಕಾಂಗಿನ ಕರಾರು ಕೈಗೆ ಬಂದಿದ್ದು ಇದಾದ ಕೆಲವೇ ತಿಂಗಳಿಗೆ.

ಆಗಿನ ಹಾಂಗ್‌ಕಾಂಗ್ ಚಿತ್ರರಂಗವೆಂದರೆ ಶಾ ಬ್ರದರ್ಸ್. ಕ್ಲಿಯರ್‌ವಾಟರ್ ಬೇ ದಡದಲ್ಲಿ ರನ್ ರನ್ ಶಾ ಕಟ್ಟಿಸಿದ್ದ ಸ್ಟುಡಿಯೋ ಒಂದು ಊರಿನ ಹಾಗಿತ್ತು. ನಟನಟಿಯರಿಗೆ ತಿಂಗಳ ಸಂಬಳ, ಸ್ಟುಡಿಯೋ ಆವರಣದಲ್ಲೇ ವಸತಿ, ವರ್ಷಗಟ್ಟಲೆಯ ಕರಾರು. ಸೆಟ್ಟು, ವೇಷಭೂಷಣ, ಕುದುರೆ ಎಲ್ಲವೂ ಅಲ್ಲೇ. ಗಿರಣಿಯಿಂದ ಬಟ್ಟೆ ಹೊರಬರುವಂತೆ ಚಿತ್ರಗಳು ಹೊರಬರುತ್ತಿದ್ದವು. ಲೀ ಮೊದಲು ಅಲ್ಲಿಯೇ ಕೇಳಿಸಿದ್ದ. ಅವರು ಹೊಸಬರಿಗೆ ಕೊಡುವ ಮಾಮೂಲಿ ಕರಾರನ್ನೇ ಮುಂದಿಟ್ಟರು; ಚಿತ್ರವೊಂದಕ್ಕೆ 2,000 ಡಾಲರ್ ಎಂದು ಹೇಳಲಾಗುತ್ತದೆ. ಲೀ ಒಪ್ಪಲಿಲ್ಲ.

ಶಾ ಕಂಪನಿಯಲ್ಲಿ ಪ್ರಚಾರ ವಿಭಾಗದಿಂದ ಶುರುಮಾಡಿ ನಿರ್ಮಾಣದ ಹೊಣೆಯವರೆಗೆ ಏರಿದ್ದ ರೇಮಂಡ್ ಚೌ 1970ರಲ್ಲಿ ಹೊರಬಂದು, ಲೆನಾರ್ಡ್ ಹೋ ಜೊತೆ ಗೋಲ್ಡನ್ ಹಾರ್ವೆಸ್ಟ್ ಕಟ್ಟಿದ. ಅವನ ಬಳಿ ಸ್ಟುಡಿಯೋ ಊರು ಇರಲಿಲ್ಲ, ಹಣ ಇರಲಿಲ್ಲ, ಹಳೆಯ ಯಜಮಾನನ ಕೋಪ ಮಾತ್ರ ಬೇಕಾದಷ್ಟಿತ್ತು. ಸಂಬಳಕ್ಕೆ ಕಟ್ಟಿಹಾಕುವ ಶಕ್ತಿ ಇಲ್ಲದವನು ಬೇರೆ ಆಸೆ ತೋರಿಸಬೇಕಾಗುತ್ತದೆ. ಸ್ವಲ್ಪ ಹೆಚ್ಚು ಹಣ, ಎರಡೇ ಚಿತ್ರಗಳ ಕರಾರು, ಕೆಲಸದಲ್ಲಿ ಒಂದಿಷ್ಟು ಸ್ವಾತಂತ್ರ್ಯ. ನಿರ್ದೇಶಕ ಲೋ ವೇಯ ಹೆಂಡತಿ ಲಿಯು ಲಿಯಾಂಗ್-ಹ್ವಾ ಲಾಸ್ ಏಂಜಲೀಸಿಗೆ ಹೋಗಿ ಲೀಯ ಸಹಿ ಪಡೆದು ಬಂದಳು. ಹಾಂಗ್‌ಕಾಂಗಿನಲ್ಲಿ ಇಳಿದರೆ ಶಾ ಕಡೆಯವರು ಅವನನ್ನು ಸೆಳೆದುಬಿಟ್ಟಾರು ಎಂಬ ಹೆದರಿಕೆಯಿಂದ ನೇರವಾಗಿ ಥಾಯ್ಲೆಂಡಿಗೆ ಬಾ ಎಂದು ಚೌ ಹೇಳಿ ಕಳಿಸಿದ.

ಪಾಕ್ ಚೋಂಗಿನಲ್ಲಿ ಎಲ್ಲವೂ ಕಡಿಮೆ ಬಜೆಟ್ಟಿನ ಚಿತ್ರದಲ್ಲಿ ನಡೆಯುವಂತೆಯೇ ನಡೆಯಿತು. ಲೀ ಹೆಂಡತಿ ಲಿಂಡಾಗೆ ಬರೆದ ಪತ್ರಗಳಲ್ಲಿ ಊಟದ ಗೋಳು, ತಂದಿದ್ದ ವಿಟಮಿನ್ ಮಾತ್ರೆಗಳೇ ಗತಿಯೆಂಬ ಮಾತು, ಕೂಗಿ ಕೂಗಿ ಗಂಟಲು ಬಿದ್ದ ಸುದ್ದಿ ಇವೆಲ್ಲ ಇವೆ. ತೆಳ್ಳಗಿನ ಗಾಜಿನ ಲೋಟ ತೊಳೆಯುವಾಗ ಅದು ಒಡೆದು ಬೆರಳು ಕೊಯ್ದು ಹತ್ತು ಹೊಲಿಗೆ ಬಿತ್ತು. ಆಮೇಲೆ ಪಾದ ಉಳುಕಿತು. ತೂಕ ಇಳಿಯಿತು. ಮೊದಲ ನಿರ್ದೇಶಕ ವೂ ಚಿಯಾ-ಶಿಯಾಂಗ್ ಜೊತೆ ಕೆಲಸ ಸಾಗಲಿಲ್ಲ. ಅವನನ್ನು ತೆಗೆದು ಲೋ ವೇಯನ್ನು ಕರೆಸಿದರು. ಶೂಟಿಂಗ್ ಹೊತ್ತಿನಲ್ಲೂ ರೇಡಿಯೋದಲ್ಲಿ ರೇಸಿನ ಕಾಮೆಂಟರಿ ಕೇಳುತ್ತ ಕೂರುತ್ತಾನೆಂದು ಹಾಂಗ್‌ಕಾಂಗ್ ಚಿತ್ರರಂಗದಲ್ಲಿ ಹೆಸರಾದವನು ಇವನು. ಅವನಿಗೂ ಲೀಗೂ ಕೊನೆಯವರೆಗೆ ಸರಿಹೋಗಲಿಲ್ಲ. ಇನ್ನು ಚಿತ್ರಕಥೆ ಎಂದು ಕೈಗೆ ಸಿಕ್ಕಿದ್ದು ಪುಸ್ತಕವಲ್ಲ, ಕೆಲವು ಹಾಳೆ.

ಆ ಹಾಳೆಗಳಲ್ಲಿದ್ದ ಕಥೆ ಹೀಗಿದೆ. ಚೆಂಗ್ ಚಾವೊ-ಆನ್ ಎಂಬ ಹುಡುಗ ಚೀನಾದ ಗ್ವಾಂಗ್‌ಡಾಂಗ್ ಕಡೆಯ ಹಳ್ಳಿಯಿಂದ ಮಾವನ ಜೊತೆ ಥಾಯ್ಲೆಂಡಿಗೆ ಬರುತ್ತಾನೆ. ಅಲ್ಲಿ ಅವನ ನೆಂಟರ ಪೈಕಿಯ ಅಣ್ಣತಮ್ಮಂದಿರು ಏಳೆಂಟು ಮಂದಿ ಒಂದೇ ಮನೆಯಲ್ಲಿ ಇಕ್ಕಟ್ಟಾಗಿ ಬದುಕುತ್ತಿದ್ದಾರೆ. ಮನೆಯಲ್ಲಿರುವ ಒಬ್ಬಳೇ ಹುಡುಗಿ ಚಿಯಾವೊ ಮೇ ಎಲ್ಲರಿಗೂ ಬೇಯಿಸಿ ಹಾಕುತ್ತಾಳೆ. ಎಲ್ಲರಿಗೂ ಊರಿನ ಐಸ್ ಫ್ಯಾಕ್ಟರಿಯಲ್ಲೇ ಕೆಲಸ. ಬಂದ ಹುಡುಗನಿಗೂ ಅಲ್ಲೇ ಒಂದು ಜಾಗ ಹೇಳಿಟ್ಟಿದ್ದಾರೆ. ಊರು ಬಿಡುವ ಮುಂಚೆ ಅವನು ತಾಯಿಗೆ ಮಾತು ಕೊಟ್ಟಿದ್ದಾನೆ, ಇನ್ನು ಯಾರ ಮೇಲೂ ಕೈ ಮಾಡುವುದಿಲ್ಲವೆಂದು. ಆ ಮಾತಿನ ಗುರುತಾಗಿ ಕೊರಳಲ್ಲಿ ಹಸಿರು ಕಲ್ಲಿನ ಪದಕವಿದೆ.

ಮುಂಬೈಯ ಉಡುಪಿ ಹೋಟೆಲುಗಳ ಚರಿತ್ರೆ ಗೊತ್ತಿದ್ದವರಿಗೆ ಈ ಮನೆ ಹೊಸದಲ್ಲ. ಊರಿನ ಯಾರದೋ ಕೈ ಹಿಡಿದು ಬಂದ ಹುಡುಗ, ಒಂದೇ ಕೋಣೆಯಲ್ಲಿ ಸಾಲಾಗಿ ಹಾಸಿದ ಚಾಪೆಗಳು, ಕೆಲಸ ಕೊಟ್ಟ ಧಣಿಯೇ ದಿಕ್ಕು. ಜಗಳಕ್ಕೆ ಹೋಗಬೇಡ ಎಂದು ತಾಯಿ ಹೇಳಿ ಕಳಿಸುವ ಬುದ್ಧಿಮಾತಿನಲ್ಲಿ ಬರೀ ಪ್ರೀತಿ ಇರುವುದಿಲ್ಲ. ಪರಊರಿನಲ್ಲಿ ಕೇಳುವವರಿಲ್ಲ ಎಂಬ ಲೆಕ್ಕಾಚಾರವೂ ಇರುತ್ತದೆ. ‘ದಿ ಬಿಗ್ ಬಾಸ್’ ಚಿತ್ರದ ಮೊದಲ ಭಾಗ ನಿಂತಿರುವುದು ಈ ಲೆಕ್ಕಾಚಾರದ ಮೇಲೆ. ಬಂದ ದಿನವೇ ರಸ್ತೆಬದಿಯ ಅಂಗಡಿಯಲ್ಲಿ ಪುಂಡರು ಹುಡುಗಿಯೊಬ್ಬಳನ್ನು ಕಾಡುತ್ತಾರೆ. ಚೆಂಗ್ ಮುಷ್ಟಿ ಬಿಗಿಯುತ್ತಾನೆ, ಮಾವ ಕಣ್ಣಲ್ಲೇ ಗದರಿಸುತ್ತಾನೆ, ಮುಷ್ಟಿ ಸಡಿಲಾಗುತ್ತದೆ. ಆ ಪುಂಡರನ್ನು ಬಡಿದು ಓಡಿಸುವವನು ಶೂ ಚಿಯೆನ್ ಎಂಬ ಇನ್ನೊಬ್ಬ. ಆ ಪಾತ್ರ ಮಾಡಿದ್ದು ಜೇಮ್ಸ್ ಟಿಯೆನ್.

ಚಿತ್ರದ ನಿಜವಾದ ನಾಯಕ ಎಂದು ಮೊದಲು ಅಂದುಕೊಂಡಿದ್ದು ಈ ಟಿಯೆನ್‌ನನ್ನೇ. ಗೋಲ್ಡನ್ ಹಾರ್ವೆಸ್ಟಿನ ಆಗಿನ ಹೊಸ ಭರವಸೆಯ ನಟ ಅವನು. ಅಮೆರಿಕದಿಂದ ಬಂದವನು ಕೈಕೊಟ್ಟರೆ ಇವನಿರಲಿ ಎಂಬ ಮುಂಜಾಗ್ರತೆ. ಲೋ ವೇ ಬಂದಮೇಲೆ, ಲೀಯ ಹೊಡೆದಾಟದ ತುಣುಕುಗಳನ್ನು ನೋಡಿದಮೇಲೆ, ಲೆಕ್ಕ ತಿರುಗಿತು. ಕಥೆಯ ನಡುವೆಯೇ ಶೂ ಚಿಯೆನ್‌ನನ್ನು ಕೊಲ್ಲಿಸಿ ಚೆಂಗ್‌ನನ್ನು ಮುಂದೆ ತಂದರು. ಚಿತ್ರ ನೋಡುವಾಗ ಇದು ಎದ್ದು ಕಾಣುತ್ತದೆ. ಮೊದಲ ಮುಕ್ಕಾಲು ಗಂಟೆ ಲೀ ಒಂದು ಮೂಲೆಯಲ್ಲಿ ನಿಂತು ನೋಡುತ್ತಿರುತ್ತಾನೆ, ಹೊಡೆದಾಟವೆಲ್ಲ ಟಿಯೆನ್‌ನದು. ಹಣವಿದ್ದ ಕಂಪನಿಯಾಗಿದ್ದರೆ ಶೂಟ್ ಆದದ್ದನ್ನು ಬಿಸಾಡಿ ಮೊದಲಿಂದ ತೆಗೆಯುತ್ತಿತ್ತೋ ಏನೋ. ಇಲ್ಲಿ ಆ ಹಣ ಇರಲಿಲ್ಲ. ಹಾಗಾಗಿ ನಾಯಕನೇ ಮುಕ್ಕಾಲು ಗಂಟೆ ಕೈಕಟ್ಟಿ ನಿಲ್ಲುವ ವಿಚಿತ್ರ ಆಕ್ಷನ್ ಚಿತ್ರ ಹುಟ್ಟಿತು. ಆ ಕಾಯುವಿಕೆಯೇ ಚಿತ್ರದ ಅತ್ಯುತ್ತಮ ಭಾಗ. ಮುಂದೆ ಲೀ ಮಾಡಿದ ಹೆಚ್ಚು ನಯವಾದ ಚಿತ್ರಗಳಲ್ಲಿ ಯಾವುದರಲ್ಲೂ ಕೋಪ ಇಷ್ಟು ಹೊತ್ತು ಒಳಗೇ ಕುದಿಯುವುದಿಲ್ಲ.

ಫ್ಯಾಕ್ಟರಿಯಲ್ಲಿ ಒಂದು ದಿನ ಮಂಜುಗಡ್ಡೆಯೊಂದು ಜಾರಿ ಬಿದ್ದು ಒಡೆಯುತ್ತದೆ. ಒಳಗಿಂದ ಬಿಳಿಪುಡಿಯ ಪೊಟ್ಟಣ ಹೊರಬೀಳುತ್ತದೆ. ಹೆರಾಯಿನ್. ಅದನ್ನು ಕಂಡ ಇಬ್ಬರನ್ನು ಮ್ಯಾನೇಜರ್ ಕರೆಸಿ ಲಂಚ ಕೊಡಲು ನೋಡುತ್ತಾನೆ, ಅವರು ಒಪ್ಪುವುದಿಲ್ಲ, ರಾತ್ರಿ ಮನೆಗೆ ಮರಳುವುದಿಲ್ಲ. ಅವರನ್ನು ಹುಡುಕಿಕೊಂಡು ಧಣಿಯ ಬಂಗಲೆಗೆ ಹೋದ ಶೂ ಚಿಯೆನ್ ಮತ್ತವನ ಜೊತೆಗಾರನೂ ಮರಳುವುದಿಲ್ಲ. ಕೆಲಸಗಾರರು ಕೆಲಸ ನಿಲ್ಲಿಸುತ್ತಾರೆ. ಮ್ಯಾನೇಜರ್ ಗೂಂಡಾಗಳನ್ನು ನುಗ್ಗಿಸುತ್ತಾನೆ. ಆ ಗಲಾಟೆಯಲ್ಲಿ ಚೆಂಗ್‌ನ ಕೊರಳಿನ ಪದಕ ಹರಿದು ಮುರಿಯುತ್ತದೆ. ಆಮೇಲೆ ನಡೆಯುವುದು ಕೆಲವೇ ನಿಮಿಷದ ಹೊಡೆತ. ಗೂಂಡಾಗಳು ಓಡುತ್ತಾರೆ.

ಮರುಗಳಿಗೆಯೇ ಮ್ಯಾನೇಜರ್ ಚೆಂಗ್‌ನನ್ನು ಮೇಸ್ತ್ರಿ ಮಾಡುತ್ತಾನೆ.

ಇಡೀ ಚಿತ್ರದಲ್ಲಿ ಇದಕ್ಕಿಂತ ಜಾಣ ತಿರುವು ಇನ್ನೊಂದಿಲ್ಲ. ಹೊಡೆತದಿಂದ ಸೋಲಿಸಲಾಗದವನನ್ನು ಬಡ್ತಿಯಿಂದ ಸೋಲಿಸುವುದು. ಅಣ್ಣತಮ್ಮಂದಿರಿಗೆ ಖುಷಿ: ನಮ್ಮವನೇ ಮೇಸ್ತ್ರಿ, ಇನ್ನು ಕಾಣೆಯಾದವರ ಸುದ್ದಿ ಕೇಳಿಸುತ್ತಾನೆ. ಚೆಂಗ್ ಕೇಳಲು ಹೋಗುತ್ತಾನೆ ಕೂಡ. ಮ್ಯಾನೇಜರ್ ಅವನನ್ನು ಊಟಕ್ಕೆ ಕೂರಿಸಿ, ಹೆಂಡ ಕುಡಿಸಿ, ಪಕ್ಕದಲ್ಲಿ ಹೆಂಗಸರನ್ನು ಕೂರಿಸುತ್ತಾನೆ. ಬೆಳಿಗ್ಗೆ ವೇಶ್ಯೆಯ ಮನೆಯಿಂದ ಹೊರಬರುವ ಅವನನ್ನು ಚಿಯಾವೊ ಮೇ ದಾರಿಯಲ್ಲಿ ನೋಡಿಬಿಡುತ್ತಾಳೆ. ಮನೆಯವರ ಮಾತು ಬದಲಾಗುತ್ತದೆ, ನಿನ್ನೆಯವರೆಗೆ ಜೊತೆಯಲ್ಲಿ ಮಲಗಿದವರು ಇವತ್ತು ಮೂತಿ ತಿರುಗಿಸುತ್ತಾರೆ. ಲೀ ಈ ದೃಶ್ಯಗಳಲ್ಲಿ ಪೆದ್ದನಂತೆ, ನಾಚಿದವನಂತೆ ಕಾಣುತ್ತಾನೆ. ಮುಂದೆ ಪೋಸ್ಟರುಗಳಲ್ಲಿ ಕಾಣಿಸಿದ ಆ ಕಡೆದಿಟ್ಟ ಆತ್ಮವಿಶ್ವಾಸದ ಮುಖ ಇದಲ್ಲ. ಹಳ್ಳಿಯಿಂದ ಬಂದು ಧಣಿಯ ಒಂದು ಒಳ್ಳೆಯ ಮಾತಿಗೆ ಕರಗಿದ ಹುಡುಗನ ಮುಖ.

ಹಾಂಗ್‌ಕಾಂಗಿನ ನೋಡುಗರಿಗೆ ಮುಷ್ಕರ, ಗೂಂಡಾ, ಮೇಸ್ತ್ರಿ ಇವು ಬರೀ ಸಿನಿಮಾ ಸಾಮಾನು ಆಗಿರಲಿಲ್ಲ. ನಾಲ್ಕೇ ವರ್ಷದ ಹಿಂದೆ, 1967ರ ಮೇ ತಿಂಗಳಲ್ಲಿ, ಸಾನ್ ಪೋ ಕಾಂಗ್ ಎಂಬ ಕೈಗಾರಿಕಾ ಬಡಾವಣೆಯ ಪ್ಲಾಸ್ಟಿಕ್ ಹೂವಿನ ಕಾರ್ಖಾನೆಯೊಂದರ ಕಾರ್ಮಿಕ ತಕರಾರು ಬೆಳೆದು, ತಿಂಗಳುಗಟ್ಟಲೆಯ ಗಲಭೆಯಾಗಿ, ಬಾಂಬುಗಳವರೆಗೆ ಹೋಗಿತ್ತು. ಅದರ ಹಿಂದೆ ಚೀನಾದ ಸಾಂಸ್ಕೃತಿಕ ಕ್ರಾಂತಿಯ ರಾಜಕೀಯವಿತ್ತು, ನಿಜ. ಆದರೆ ಕಿಡಿ ಹೊತ್ತಿದ್ದು ಕಾರ್ಖಾನೆಯ ಗೇಟಿನಲ್ಲಿ. 1971ರಲ್ಲಿ ಆ ಊರಿನ ಜನಸಂಖ್ಯೆ ನಲವತ್ತು ಲಕ್ಷದ ಹತ್ತಿರ. ಅವರಲ್ಲಿ ಎಷ್ಟೋ ಮಂದಿ ಗ್ವಾಂಗ್‌ಡಾಂಗಿನಿಂದಲೇ ಗಡಿ ದಾಟಿ ಬಂದವರು, ನೂಲು, ವಿಗ್ಗು, ಪ್ಲಾಸ್ಟಿಕ್ ಹೂವಿನ ಕೆಲಸದಲ್ಲಿ ಬದುಕಿದವರು. ಹೆರಾಯಿನ್ ಚಟ ಬೀದಿಬೀದಿಯಲ್ಲಿತ್ತು. ಪೊಲೀಸರು ಮಾಮೂಲು ತೆಗೆದುಕೊಳ್ಳುವುದು ಎಷ್ಟು ಸಹಜವಾಗಿತ್ತೆಂದರೆ, ಸರ್ಕಾರ 1974ರಲ್ಲಿ ಪ್ರತ್ಯೇಕ ಭ್ರಷ್ಟಾಚಾರ ನಿಗ್ರಹ ಆಯೋಗವನ್ನೇ ಕಟ್ಟಬೇಕಾಯಿತು. ಇಂಥ ಊರಿನಲ್ಲಿ ಇದೇ ಕಥೆಯನ್ನು ಇದ್ದಲ್ಲೇ ಇಟ್ಟು ಹೇಳುವುದು ಕಷ್ಟವಿತ್ತು. ಖರ್ಚು ಉಳಿಸಲು ಥಾಯ್ಲೆಂಡಿಗೆ ಹೋದ ತಂಡಕ್ಕೆ ಆ ದೂರ ಇನ್ನೊಂದು ರೀತಿಯಲ್ಲೂ ಅನುಕೂಲವಾಯಿತು. ಧಣಿ ಥಾಯ್ಲೆಂಡಿನವನು, ಫ್ಯಾಕ್ಟರಿ ಥಾಯ್ಲೆಂಡಿನದು, ನಮ್ಮ ಊರಿನದಲ್ಲ! ಆದರೆ ಗಮನಿಸಬೇಕು: ಚಿತ್ರದ ಧಣಿಯೂ ಚೀನೀಯನೇ. ಪರದೇಶದಲ್ಲಿ ತಮ್ಮವರನ್ನೇ ತಿಂದು ದೊಡ್ಡವನಾದವನು.

ಚೆಂಗ್ ರಾತ್ರಿ ಫ್ಯಾಕ್ಟರಿಗೆ ನುಗ್ಗುತ್ತಾನೆ. ಮಂಜುಗಡ್ಡೆಗಳ ಸಾಲಿನಲ್ಲಿ ಮೊದಲು ಪುಡಿಯ ಪೊಟ್ಟಣ ಕಾಣುತ್ತದೆ. ಆಮೇಲೆ ಒಂದು ಗಡ್ಡೆಯೊಳಗೆ ಮನುಷ್ಯನ ಕೈ. ಕಾಣೆಯಾದವರು ಎಲ್ಲೂ ಹೋಗಿರಲಿಲ್ಲ, ತಾವು ದಿನವೂ ಎಳೆಯುತ್ತಿದ್ದ ಗಡ್ಡೆಗಳೊಳಗೇ ಇದ್ದರು. ವಿಶೇಷ ಪರಿಣಾಮಕ್ಕೆ ಕಾಸಿಲ್ಲದ ಚಿತ್ರ, ಬೆಳಕು ಸರಿಯಿಲ್ಲ, ನೋಡಿದರೆ ಅಗ್ಗದ್ದೆಂದು ತಿಳಿಯುತ್ತದೆ. ಆದರೂ ಆ ಚಿತ್ರಿಕೆ ಮರೆಯುವುದಿಲ್ಲ.

ಹೊಡೆದಾಟದ ವಿಷಯಕ್ಕೆ ಬಂದರೆ, ಇಲ್ಲಿ ಎರಡು ಕಾಲಗಳು ಮುಖಾಮುಖಿಯಾಗಿವೆ. ಧಣಿಯ ಪಾತ್ರ ಮಾಡಿದ ಹಾನ್ ಯಿಂಗ್-ಚಿಯೆಯೇ ಚಿತ್ರದ ಸಾಹಸ ನಿರ್ದೇಶಕ ಕೂಡ. ಪೀಕಿಂಗ್ ಆಪೆರಾದಲ್ಲಿ ಪಳಗಿ, ಕಿಂಗ್ ಹೂ ನಿರ್ದೇಶಿಸಿದ ‘ಕಮ್ ಡ್ರಿಂಕ್ ವಿತ್ ಮಿ’, ‘ಎ ಟಚ್ ಆಫ್ ಝೆನ್’ ಚಿತ್ರಗಳಿಗೆ ಕತ್ತಿವರಸೆ ಹೊಂದಿಸಿದ ದೊಡ್ಡ ಕಲಾವಿದ ಅವನು. ಅವನ ವಿದ್ಯೆಯಲ್ಲಿ ಹೊಡೆದಾಟವೆಂದರೆ ಕುಣಿತ. ಮರೆಯಲ್ಲಿಟ್ಟ ಟ್ರ್ಯಾಂಪೊಲಿನ್ ಮೇಲೆ ನೆಗೆದು ಆಳೆತ್ತರದ ಗೋಡೆ ಹಾರಬೇಕು, ತಾಳಕ್ಕೆ ತಕ್ಕ ಹಾಗೆ ಇಪ್ಪತ್ತು ಮೂವತ್ತು ಪೆಟ್ಟು ವಿನಿಮಯವಾಗಬೇಕು. ನಮ್ಮ ಬಯಲಾಟದಲ್ಲಿ ಯುದ್ಧದ ಕುಣಿತ ಇರುವಂತೆ ಎಂದರೆ ತೀರಾ ತಪ್ಪಾಗದು. ಲೀಗೆ ಬೇಕಾಗಿದ್ದು ಇದರ ವಿರುದ್ಧ: ಒಂದು ಒದೆ, ಎರಡು ಒದೆ, ಮೂರನೆಯದಕ್ಕೆ ಎದುರಾಳಿ ಏಳಬಾರದು. ಎರಡೂ ಚಿತ್ರದಲ್ಲಿವೆ, ಒಂದಕ್ಕೊಂದು ಹೊಂದದೆಯೇ ಇವೆ. ಒಂದು ಕಡೆ ಲೀ ಗುದ್ದಿದ ಏಟಿಗೆ ಆಳೊಬ್ಬ ಹಲಗೆಯ ಗೋಡೆ ತೂರಿ ಹೋಗಿ, ಗೋಡೆಯಲ್ಲಿ ಮನುಷ್ಯಾಕಾರದ ತೂತು ಉಳಿಯುತ್ತದೆ; ವ್ಯಂಗ್ಯಚಿತ್ರದ ತಮಾಷೆ ಇದು. ಇನ್ನೊಂದು ಕಡೆ ಅದೇ ಲೀ ಅಲುಗಾಡದೆ ನಿಂತು ಒಂದೇ ಒದೆಯಲ್ಲಿ ಒಬ್ಬನನ್ನು ಕೆಡವಿದಾಗ ಕ್ಯಾಮೆರಾ ಕತ್ತರಿಸದೆ ದೂರದಿಂದ ನೋಡುತ್ತದೆ. ಕತ್ತರಿಸುವ ಅಗತ್ಯವೇ ಇರಲಿಲ್ಲ. ಸಾಹಸ ಬಾರದ ನಟರನ್ನು ವೀರರನ್ನಾಗಿ ತೋರಿಸಲು ಸಂಕಲನ, ಟ್ರ್ಯಾಂಪೊಲಿನ್, ಬದಲಿ ಆಳು ಎಲ್ಲ ಬೇಕು. ಬರುವವನನ್ನು ತೋರಿಸಲು ಕ್ಯಾಮೆರಾ ನೆಟ್ಟಗೆ ನಿಂತರೆ ಸಾಕು. ಕಡಿಮೆ ಬಜೆಟ್ಟಿಗೆ ಇದಕ್ಕಿಂತ ಒಳ್ಳೆಯ ಉಳಿತಾಯ ಇನ್ನೊಂದಿಲ್ಲ.

ಮಾತಿನದು ಇನ್ನೊಂದು ವಿಶೇಷ. ಆಗಿನ ಪದ್ಧತಿಯಂತೆ ಚಿತ್ರವನ್ನು ಧ್ವನಿಯಿಲ್ಲದೆ ತೆಗೆದು ಆಮೇಲೆ ಮ್ಯಾಂಡರಿನ್ ಭಾಷೆಯ ಮಾತು ಕೂಡಿಸಿದರು. ಹಾಂಗ್‌ಕಾಂಗಿನ ಬಹುಪಾಲು ಜನರ ಮನೆಮಾತು ಕ್ಯಾಂಟನೀಸ್, ಲೀಯದೂ ಅದೇ. ಆದರೆ ಆ ವರ್ಷಗಳಲ್ಲಿ ಕ್ಯಾಂಟನೀಸ್ ಚಿತ್ರಗಳ ನಿರ್ಮಾಣ ಕುಸಿದು, 1972ರಲ್ಲಿ ಒಂದೂ ಬರಲಿಲ್ಲ. ಡಬ್ಬಿಂಗ್ ಬೇಕೋ ಬೇಡವೋ ಎಂದು ದಶಕಗಳ ಕಾಲ ಜಗಳವಾಡಿದ ಕನ್ನಡಿಗರಿಗೆ ಇದು ವಿಚಿತ್ರವೆನಿಸಬಹುದು. ತಮ್ಮ ಊರಿನ ಹುಡುಗ, ತಮ್ಮ ಕಡೆಯಿಂದ ವಲಸೆ ಬಂದವನ ಪಾತ್ರದಲ್ಲಿ, ಬೇರೊಬ್ಬನ ಗಂಟಲಿನಿಂದ ಬೇರೊಂದು ಭಾಷೆ ಆಡುವುದನ್ನು ಆ ಜನ ನೋಡಿದರು. ಗ್ವಾಂಗ್‌ಡಾಂಗಿನ ಚೆಂಗ್ ಗ್ವಾಂಗ್‌ಡಾಂಗಿನವನಂತೆ ಮಾತಾಡುವುದಿಲ್ಲ. ಲೀ ಒದೆಯುವಾಗ ಮಾತ್ರ ಆ ತೊಡಕು ಇರಲಿಲ್ಲ.

ಕೊನೆಯ ಭಾಗ ಬೇಗ ಮುಗಿಯುತ್ತದೆ. ಫ್ಯಾಕ್ಟರಿಯಲ್ಲಿ ಧಣಿಯ ಮಗನನ್ನೂ ಅವನ ಗುಂಪನ್ನೂ ಕೊಂದು ಮನೆಗೆ ಓಡಿಬಂದರೆ, ಮನೆಯವರೆಲ್ಲ ಚಿಕ್ಕ ಹುಡುಗನ ಸಮೇತ ಹೆಣವಾಗಿದ್ದಾರೆ. ಚಿಯಾವೊ ಮೇಯನ್ನು ಎಳೆದೊಯ್ದಿದ್ದಾರೆ. ಇಲ್ಲಿ ಒಂದು ನಿಮಿಷ ಚಿತ್ರ ನಿಲ್ಲುತ್ತದೆ. ಚೆಂಗ್ ನದಿಯ ದಂಡೆಯಲ್ಲಿ ಒಬ್ಬನೇ ಕೂತು, ಎಲ್ಲ ಬಿಟ್ಟು ಊರಿಗೆ ಹೋಗಲೇ ಎಂದು ಯೋಚಿಸುತ್ತಾನೆ, ಆಮೇಲೆ ತಂದಿದ್ದ ಗಂಟನ್ನು ನೀರಿಗೆಸೆಯುತ್ತಾನೆ. ಬಂಗಲೆಯ ಅಂಗಳಕ್ಕೆ ಅವನು ಹೋಗುವುದು ಪೊಟ್ಟಣದಿಂದ ಏನೋ ತಿಂಡಿ ಮೆಲ್ಲುತ್ತ. ಧಣಿಯ ಹಕ್ಕಿ ಪಂಜರ, ಎಸೆದ ಚೂರಿಯನ್ನು ಕಾಲಿನಿಂದಲೇ ತಿರುಗಿಸಿ ಒದೆಯುವುದು, ಎಲ್ಲ ಆಗಿ ಧಣಿ ಸಾಯುತ್ತಾನೆ. ಪೊಲೀಸರು ಬರುತ್ತಾರೆ. ಚೆಂಗ್ ಮೊದಲು ಕೊಸರಾಡುತ್ತಾನೆ. ಬದುಕುಳಿದ ಚಿಯಾವೊ ಮೇ ಎದುರು ನಿಂತಿದ್ದಾಳೆ. ಕೊನೆಗೆ ಕೈ ಒಡ್ಡುತ್ತಾನೆ. ಅಷ್ಟು ಜನ ಕಾಣೆಯಾದಾಗ ಕೈಗೇನೂ ಸಿಗದಿದ್ದ ಪೊಲೀಸರಿಗೆ ಕೊನೆಯಲ್ಲಿ ಸಿಗುವುದು ಇವನೊಬ್ಬನೇ. ವೀರನನ್ನು ಬಿಡುಗಡೆಯಾದವನಂತೆ ತೋರಿಸಬಹುದಿತ್ತು, ತೋರಿಸಲಿಲ್ಲ.

1971ರ ಅಕ್ಟೋಬರ್ ಕೊನೆಯಲ್ಲಿ ಹಾಂಗ್‌ಕಾಂಗಿನಲ್ಲಿ ಮಧ್ಯರಾತ್ರಿಯ ಮುನ್ನೋಟ. ಅಲ್ಲಿ ಆಗ ಅದೇ ಪರೀಕ್ಷೆ. ರಾತ್ರಿ ಪ್ರದರ್ಶನಕ್ಕೆ ಬರುವ ಜನ ಬೇಸರವಾದರೆ ಕೂಗಿ ಬೈಯುವವರು, ಸೀಟು ಕೊಯ್ಯುವವರು. ನಿರ್ಮಾಪಕರು ಹಿಂದೆ ಕೂತು ಕೇಳಿಸಿಕೊಂಡು, ಬೆಳಗಾಗುವುದರೊಳಗೆ ಕತ್ತರಿ ಹಿಡಿಯುತ್ತಿದ್ದರು. ಅವತ್ತು ಚಿತ್ರ ಮುಗಿದಾಗ ಒಂದು ಕ್ಷಣ ಮೌನ, ಆಮೇಲೆ ಕಿವಿಗಡಚಿಕ್ಕುವ ಕೂಗು ಎಂದು ಅಲ್ಲಿದ್ದವರು ನೆನೆದಿದ್ದಾರೆ. ಮೂರು ವಾರದೊಳಗೆ ಚಿತ್ರ ಗಳಿಸಿದ್ದು 32 ಲಕ್ಷ ಹಾಂಗ್‌ಕಾಂಗ್ ಡಾಲರ್, ಅಂದರೆ ಅಮೆರಿಕನ್ ಲೆಕ್ಕದಲ್ಲಿ ಐದು ಲಕ್ಷಕ್ಕೂ ಮೇಲೆ. ಬಜೆಟ್ಟಿನ ಐದು ಪಟ್ಟು ಒಂದೇ ಊರಿನಲ್ಲಿ ಬಂತು. ಅದಕ್ಕೆ ಮುಂಚಿನ ದಾಖಲೆ ‘ದಿ ಸೌಂಡ್ ಆಫ್ ಮ್ಯೂಸಿಕ್’ ಚಿತ್ರದ್ದು.

ಆ 32 ಲಕ್ಷದಲ್ಲಿ ಲೀಗೆ ಬಂದಿದ್ದು ಮೊದಲೇ ಒಪ್ಪಿದ್ದ 7,500 ಅಮೆರಿಕನ್ ಡಾಲರ್. ಐಸ್ ಫ್ಯಾಕ್ಟರಿಯ ಲೆಕ್ಕವೇ ಇದು. ಆದರೆ ಅವನು ಚೆಂಗ್‌ನಂತೆ ಮೇಸ್ತ್ರಿಗಿರಿಗೆ ತೃಪ್ತನಾಗಲಿಲ್ಲ. ಕರಾರಿನ ಎರಡನೆಯ ಚಿತ್ರ ‘ಫಿಸ್ಟ್ ಆಫ್ ಫ್ಯೂರಿ’ 1972ರಲ್ಲಿ ಬಂದು ಮೊದಲನೆಯದರ ದಾಖಲೆ ಮುರಿಯಿತು. ಅಲ್ಲಿಗೆ ಕರಾರು ಮುಗಿಯಿತು. ಮೂರನೆಯದಕ್ಕೆ ಲೀ ಸಂಬಳ ಕೇಳಲಿಲ್ಲ, ಪಾಲು ಕೇಳಿದ. ಚೌ ಜೊತೆ ಸೇರಿ ಕಾಂಕಾರ್ಡ್ ಎಂಬ ಕಂಪನಿ ಮಾಡಿ, ತಾನೇ ಬರೆದು ನಿರ್ದೇಶಿಸಿದ ‘ದಿ ವೇ ಆಫ್ ದಿ ಡ್ರ್ಯಾಗನ್’ ತಂದ. ಗಳಿಕೆ 50 ಲಕ್ಷ ಹಾಂಗ್‌ಕಾಂಗ್ ಡಾಲರ್ ದಾಟಿತು. ತಾರೆಗೆ, ನಿರ್ದೇಶಕನಿಗೆ ಲಾಭದಲ್ಲಿ ಪಾಲು ಕೊಡುವ ಈ ಪದ್ಧತಿಯನ್ನೇ ಗೋಲ್ಡನ್ ಹಾರ್ವೆಸ್ಟ್ ಮುಂದೆ ಬೇರೆಯವರಿಗೂ ವಿಸ್ತರಿಸಿ ಬೆಳೆಯಿತು. ತಿಂಗಳ ಸಂಬಳದ ಶಾ ಸ್ಟುಡಿಯೋ 1980ರ ದಶಕದ ನಡುವೆ ಚಿತ್ರ ತಯಾರಿಕೆಯನ್ನು ನಿಲ್ಲಿಸುವ ಹಂತಕ್ಕೆ ಬಂತು. ಟಿವಿಯೂ ಅದಕ್ಕೆ ಕಾರಣ. ಆದರೆ 1970ರಲ್ಲಿ ಲೀಯ ಮುಂದಿಟ್ಟ ಆ ಮಾಮೂಲಿ ಕರಾರನ್ನು ಹಾಂಗ್‌ಕಾಂಗಿನಲ್ಲಿ ಇವತ್ತಿಗೂ ಜನ ನೆನೆಯುತ್ತಾರೆ.

ಅಮೆರಿಕದಲ್ಲಿ ‘ದಿ ಬಿಗ್ ಬಾಸ್’ 1973ರಲ್ಲಿ ತೆರೆಕಂಡಿದ್ದು ತಪ್ಪು ಹೆಸರಿನಲ್ಲಿ. ಮಾದಕ ವಸ್ತು ಸಾಗಣೆಯ ಕಥೆಯಾದ್ದರಿಂದ ‘ದಿ ಫ್ರೆಂಚ್ ಕನೆಕ್ಷನ್’ ನೆನಪಾಗುವಂತೆ ಇದಕ್ಕೆ ‘ದಿ ಚೈನೀಸ್ ಕನೆಕ್ಷನ್’ ಎಂದು ಹೆಸರಿಡಲು ಹಂಚಿಕೆದಾರರು ಯೋಚಿಸಿದ್ದರಂತೆ. ಎರಡು ಚಿತ್ರಗಳ ಹೆಸರು ಎಲ್ಲೋ ಅದಲುಬದಲಾಗಿ ಇದು ‘ಫಿಸ್ಟ್ಸ್ ಆಫ್ ಫ್ಯೂರಿ’ ಆಯಿತು. ಮಾದಕ ವಸ್ತುವಿನ ಗಂಧವೂ ಇಲ್ಲದ ‘ಫಿಸ್ಟ್ ಆಫ್ ಫ್ಯೂರಿ’ಗೆ ‘ದಿ ಚೈನೀಸ್ ಕನೆಕ್ಷನ್’ ಎಂಬ ಹೆಸರು ಅಂಟಿತು. ಜನಕ್ಕೆ ಹೆಸರಿನ ಪರಿವೆ ಇರಲಿಲ್ಲ. ಆ ವರ್ಷದ ಮೇ ತಿಂಗಳ ಒಂದು ವಾರ ಅಮೆರಿಕದ ಗಳಿಕೆಯ ಪಟ್ಟಿಯಲ್ಲಿ ಮೊದಲ ಮೂರೂ ಸ್ಥಾನ ಹಾಂಗ್‌ಕಾಂಗಿನ ಚಿತ್ರಗಳದಾಗಿದ್ದವು, ಅದರಲ್ಲಿ ಇದೂ ಒಂದು. ದೊಡ್ಡ ನಗರಗಳ ನಡುವಿನ ಹಳೆಯ ಚಿತ್ರಮಂದಿರಗಳಲ್ಲಿ ಕಪ್ಪು ಜನ, ವಲಸೆಗಾರರು ಕಿಕ್ಕಿರಿದು ನೋಡಿದರು. ಎರಡು ತಿಂಗಳ ನಂತರ, ಜುಲೈ 20ರಂದು, 32ನೆಯ ವಯಸ್ಸಿನಲ್ಲಿ ಲೀ ತೀರಿಕೊಂಡ. ‘ಎಂಟರ್ ದಿ ಡ್ರ್ಯಾಗನ್’ ಬಿಡುಗಡೆಯನ್ನು ಅವನು ನೋಡಲಿಲ್ಲ.

ಜೇಮ್ಸ್ ಟಿಯೆನ್ ಕಥೆ ಇಷ್ಟು ಗದ್ದಲದ್ದಲ್ಲ. ಪಾಕ್ ಚೋಂಗಿಗೆ ನಾಯಕನಾಗಿ ಹೋಗಿ ಅರ್ಧದಲ್ಲಿ ಸತ್ತವನು ‘ಫಿಸ್ಟ್ ಆಫ್ ಫ್ಯೂರಿ’ಯಲ್ಲಿ ಲೀಯ ಪಕ್ಕದ ಪಾತ್ರ ಮಾಡಿದ. ಮುಂದೆ ಜಾಕಿ ಚಾನ್, ಸಾಮೋ ಹಂಗ್ ಚಿತ್ರಗಳಲ್ಲಿ ಖಳನಾಗಿ, ಪೋಷಕನಾಗಿ ಎರಡು ದಶಕ ದುಡಿದ. 1972ರಲ್ಲಿ ಲೀ ‘ಗೇಮ್ ಆಫ್ ಡೆತ್’ ಚಿತ್ರಕ್ಕಾಗಿ ಗೋಪುರ ಹತ್ತುವ ದೃಶ್ಯಗಳನ್ನು ತೆಗೆದಾಗ, ಜೊತೆಯಲ್ಲಿ ಮಹಡಿಯಿಂದ ಮಹಡಿಗೆ ಹತ್ತುವ ಇಬ್ಬರಲ್ಲಿ ಟಿಯೆನ್ ಒಬ್ಬ. ಲೀ ಸತ್ತಮೇಲೆ ಆ ತುಣುಕುಗಳಿಗೆ ಬೇರೆ ಕಥೆ ಹೊಲಿದು 1978ರಲ್ಲಿ ಬಿಡುಗಡೆ ಮಾಡಿದಾಗ, ಗೋಪುರದ ಆ ಭಾಗದಿಂದ ಟಿಯೆನ್‌ನನ್ನು ಬಹುಮಟ್ಟಿಗೆ ಕತ್ತರಿಸಿಬಿಟ್ಟಿದ್ದರು. ಉಳಿದ ರೀಲುಗಳು ಗೋದಾಮಿನಲ್ಲಿ ಸಿಕ್ಕಿ, 2000ದಲ್ಲಿ ಸಾಕ್ಷ್ಯಚಿತ್ರವೊಂದರ ಭಾಗವಾಗಿ ಹೊರಬಂದವು. ಅದರಲ್ಲಿ ಅವನು ಮೆಟ್ಟಿಲ ಮೇಲೆ ಲೀಗಿಂತ ಒಂದು ಹೆಜ್ಜೆ ಮುಂದೆ ನುಗ್ಗುತ್ತಾನೆ, ಹೊಡೆತ ತಿನ್ನುತ್ತಾನೆ, ಮತ್ತೆ ಏಳುತ್ತಾನೆ.